ಅಕ್ಕನ ಹೆಬ್ಬೆರಳು

ಪರದೆಯ ಮೇಲೆ ಅಕ್ಕನ ಸೈನಿಕ ಬೆನ್ನು ತೋರಿಸಿ ನಿಂತಿದ್ದ. ತಮ್ಮನ ಬೆರಳು ಮೌಸ್ ಮೇಲಿತ್ತು. ಒತ್ತಿದ್ದರೆ ಆಟ ಮುಗಿಯುತ್ತಿತ್ತು. ಅವನಿಗೆ ಮನಸ್ಸು ಬರಲಿಲ್ಲ. ಕಣ್ಣು ಹೋದಮೇಲೆ ಅಕ್ಕ ಅವನೊಡನೆ ಆಟಕ್ಕೆ ಕೂತದ್ದು ಇದೇ ಮೊದಲು.

“ಯಾಕೋ ನಿಂತ್ಬಿಟ್ಟೆ? ಕನಿಕರ ಗಿನಿಕರ ಬೇಡ, ಸರಿಯಾಗಿ ಆಡು,” ಎಂದಳು ಅಕ್ಕ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದಿದ್ದಳು. ಅದು ಮಕ್ಕಳ ಆಟಿಕೆ, ಗುರಿ ಹಿಡಿಯುವುದರಲ್ಲಿ ಮೌಸ್ ಮುಂದೆ ಅದರ ಬೇಳೆ ಬೇಯುವುದಿಲ್ಲ ಎಂದು ಅವನು ಎಂದಿನಿಂದಲೂ ವಾದಿಸುತ್ತಿದ್ದ.

ಕೀಬೋರ್ಡ್ ಒತ್ತಿ ಅವನು ಒಂದೇ ಹೆಜ್ಜೆ ಮುಂದಿಟ್ಟ. ಅಕ್ಕನ ಮುಖ ಅಲುಗಲಿಲ್ಲ. ಬಲಗೈ ಹೆಬ್ಬೆರಳು ಮಾತ್ರ ಮೆಲ್ಲನೆ ಹೊರಳಿತು. ಅವಳ ಸೈನಿಕ ಗಿರ್ರನೆ ತಿರುಗಿದ. ಅವಳ ತೋರುಬೆರಳು ಒತ್ತಿದ್ದೇ ಗುಂಡು ಹಾರಿತು. ತಮ್ಮನ ಪರದೆ ಕೆಂಪಾಯಿತು.

“ಅಕ್ಕಾ... ಹೇಗೆ ಗೊತ್ತಾಯ್ತು?”

“ನಿನ್ನ ಹೆಜ್ಜೆ ಹಿಂದಿನಿಂದ ಕೇಳಿಸ್ತು. ಗುಂಡು ನಿನಗೆ ತಾಗಿದ್ದನ್ನ ಈ ಕಂಟ್ರೋಲರ್ ನಡುಗಿ ಹೇಳ್ತು. ನಿನ್ನ ಮೌಸ್ ಯಾವತ್ತಾದ್ರೂ ಕೈಗೆ ಏನಾದ್ರೂ ಹೇಳಿದ್ಯಾ?”

ಅವನು ತನ್ನ ಕುರ್ಚಿ ಬಿಟ್ಟು ಬಂದು ಅವಳ ಪಕ್ಕ ಕುಳಿತ. ಕಂಟ್ರೋಲರ್ ಹಿಡಿದ ಆ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟ.

“ಈಗ ಕಂಪ್ಯೂಟರ್ ವಿರುದ್ಧ ಆಡು,” ಎಂದು ಕಣ್ಣು ಮುಚ್ಚಿಕೊಂಡ.