ತಣ್ಣಗಿನ ಮಬ್ಬು

“ಮಬ್ಬಿದೆ. ಈ ಬ್ಯಾಚ್ ಹೊರಗೆ ಹೋಗೋ ಹಾಗಿಲ್ಲ.” ಅನಂತರಾಮು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದಿದ್ದ ವಿಸ್ಕಿಯ ಗ್ಲಾಸನ್ನು ಕೆಳಗಿಳಿಸಿದರು.

“ಮೀಟರ್ ಕ್ಲಿಯರ್ ಅಂತಿದೆ ಸಾರ್,” ಎಂದಳು ಹೇಮಶ್ರೀ, ನೆಲ ನೋಡುತ್ತ.

ಕುಮಾರಸ್ವಾಮಿ ಲೇಔಟಿನ ಆ ಲ್ಯಾಬಿನಲ್ಲಿ ವಿಸ್ಕಿಯನ್ನು ಐಸಿನಲ್ಲಿಟ್ಟು ಪರೀಕ್ಷಿಸುತ್ತಿದ್ದರು. ತಣ್ಣಗಾದಾಗ ಮಬ್ಬಾಗುವ ಮಾಲನ್ನು ಅಂಗಡಿಯವರು ಹಿಂದಕ್ಕೆ ಕಳಿಸುತ್ತಾರೆ. ಬೆಚ್ಚಗಾದರೆ ಮಬ್ಬು ಕರಗಿಬಿಡುತ್ತದೆ. ಹೊರತೆಗೆದ ಕೂಡಲೇ ನೋಡಬೇಕು. ಇಷ್ಟು ವರ್ಷ ಅನಂತರಾಮು ಕಣ್ಣಿನ ತೀರ್ಪಿಗೆ ಎದುರೇ ಇರಲಿಲ್ಲ. ಈಗ ಮಬ್ಬು ಅಳೆಯುವ ಮೀಟರ್ ಬಂದಿತ್ತು, ಅದನ್ನು ನೋಡಿಕೊಳ್ಳಲು ಹೇಮಶ್ರೀ. ಹುಡುಗಿಯ ಬುದ್ಧಿ ಚುರುಕು, ಕೈ ಮಾತ್ರ ನಿಧಾನ. ಮೀಟರಿನೊಳಗಿಡುವ ಮುನ್ನ ಸ್ಯಾಂಪಲ್ ಟ್ಯೂಬನ್ನು ಅಂಗೈಯಲ್ಲಿ ಹಿಡಿದು ಒರೆಸಿದ್ದೇ ಒರೆಸಿದ್ದು. ತಮ್ಮ ಕುರ್ಚಿಗೆ ಹೊಂಚು ಹಾಕುತ್ತಿದ್ದಾಳೆಂಬ ಅನುಮಾನ ಅವರನ್ನು ಕೊರೆಯುತ್ತಿತ್ತು.

ಮುಂದಿನ ಬ್ಯಾಚಿಗೂ ಅದೇ ಜಗಳವಾದಾಗ ಮಾಲೀಕ ರವಿಕಿರಣ್ ಸಿಡಿಮಿಡಿಗೊಂಡ. “ನನ್ ಕಣ್ಣಿಗಂತೂ ಏನೂ ಕಾಣ್ತಿಲ್ಲ ಅಂಕಲ್. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ. ಪೊರೆ ಬಂದಿರ್ಬೇಕು, ತೋರಿಸ್ಕೊಳಿ.”

ಅನಂತರಾಮುಗೆ ಮೈಯೆಲ್ಲ ಉರಿಯಿತು. “ನನ್ ಕಣ್ಣು ತಪ್ಪು ಅಂತ ತೋರ್ಸಿ, ಇವತ್ತೇ ಕೆಲ್ಸ ಬಿಡ್ತೀನಿ.”

ಹೇಮಶ್ರೀ ಒಳಗೆ ಹೋಗಿ ಫ್ರಿಜ್ಜಿನಿಂದ ಒಂದು ಗ್ಲಾಸ್ ತಂದಳು. ಬಣ್ಣವಿಲ್ಲ, ಬಣ್ಣ ಸೇರಿಸದ ಸ್ಪಿರಿಟ್ ಇರಬೇಕೆಂದುಕೊಂಡು ಅನಂತರಾಮು ಬೆಳಕಿಗೆ ಹಿಡಿದರು.

“ಮಬ್ಬು. ಚೂರೇ ಚೂರು, ಆದ್ರೆ ಇದೆ.”

“ಅದು ಬರೀ ನೀರು ಸಾರ್.” ಎಂದಳು ಹೇಮಶ್ರೀ.

ರವಿಕಿರಣ್ ಗ್ಲಾಸ್ ಕಸಿದು ಗಟಗಟನೆ ಕುಡಿದ. “ನೀರೇ,” ಎಂದ.

ಆಡಿದ ಮಾತಿಗೆ ತಪ್ಪುವ ಜೀವವಲ್ಲ ಅನಂತರಾಮು. ಅಂದೇ ಬ್ಯಾಗ್ ಎತ್ತಿಕೊಂಡರು. ಗೇಟಿನವರೆಗೂ ಬಂದ ಹೇಮಶ್ರೀ ಅವರ ಕಾಲಿಗೆ ನಮಸ್ಕರಿಸಿದಳು. “ನೀವು ಕಲಿಸಿದ್ದು ಒಂದನ್ನೂ ಮರೆಯಲ್ಲ ಸಾರ್.” ಇಂಥವಳ ಮೇಲೆ ಅನುಮಾನಪಟ್ಟೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಮರುವಾರ ಹೆಂಡತಿ ಸೀತಾಲಕ್ಷ್ಮಿ ಅವರನ್ನು ಜಯನಗರದ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದರು. ಡಾಕ್ಟರು ದೀಪ ಬಿಟ್ಟು ನೋಡಿದರು, ಇನ್ನೊಮ್ಮೆ ನೋಡಿದರು.

“ಪೊರೆಯ ಸುಳಿವೇ ಇಲ್ಲ. ಈ ವಯಸ್ಸಲ್ಲಿ ಇಂಥ ಕಣ್ಣು ನಾನು ನೋಡಿಲ್ಲ ಸಾರ್.”

ಸೀತಾಲಕ್ಷ್ಮಿ ಸಂತೋಷದಿಂದ ದೇವರಿಗೆ ಕೈಮುಗಿದರು. ಅನಂತರಾಮು ಕುರ್ಚಿಯಿಂದ ಏಳಲಿಲ್ಲ.

ಒಂದು ಗ್ಲಾಸ್ ನೀರಿಗೆ ಹಾಲಿನ ಒಂದೇ ಹನಿ ಬಿಟ್ಟು, ಪಳಗದ ಕಣ್ಣಿಗೆ ಕಾಣದ ಮಬ್ಬು ಹೇಗಿರುತ್ತದೆಂದು ಹೇಮಶ್ರೀಗೆ ಮೊದಲ ದಿನವೇ ತೋರಿಸಿಕೊಟ್ಟವರು ಅವರೇ.