ನಾಲ್ಕು ಗಂಟೆಯ ದಾರಿ

ತನ್ನ ಸಾವಿನ ಸುದ್ದಿಯನ್ನು ಉಮಾ ಮೂರನೆಯ ಸಲ ಬಾಯಿಪಾಠ ಮಾಡಿಕೊಂಡಳು.

"ಅಳ್ಬೇಕಾ, ಸರವಣ?"

"ಸ್ವಲ್ಪ ಅಳಿ ಅಕ್ಕ. ಅತ್ತಿಗೆ ಸತ್ರೆ ನಾದಿನಿ ಎಷ್ಟು ಅಳ್ತಾಳೆ, ಅಷ್ಟೇ ಸಾಕು."

ಕೋಟಗಿರಿಯಲ್ಲಿ ಫೋನ್ ಬೂತ್ ಇಟ್ಟಿರುವ ಸರವಣ ಆರು ವರ್ಷ ಗಲ್ಫಿನಲ್ಲಿ ದುಡಿದವನು. ಮೂರು ಸಲ ರಜೆಗೆ ಬಂದಿದ್ದ. ಮೂರು ಸಲವೂ ಒಬ್ಬಳೇ ಅಜ್ಜಿಯನ್ನು ಸಾಯಿಸಿದ್ದ. "ಕಾಯಿಲೆ ಅಂದ್ರೆ ಬಿಡಲ್ಲ ಅಕ್ಕ, ಸತ್ರು ಅಂದ್ರೇನೇ ರಜೆ." ಆ ಅಜ್ಜಿ ಈಗಲೂ ಟೀ ಸೊಪ್ಪು ಕೀಳುತ್ತಿದ್ದಾಳೆ. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯಸ್ಸು ಹೆಚ್ಚುತ್ತದಂತೆ.

ಉಮಾಳಿಗೆ ಆಯಸ್ಸು ಬೇಕಿರಲಿಲ್ಲ, ಗಂಡ ಬೇಕಿತ್ತು. ಅವಳು ಮೂರು ತಿಂಗಳ ಬಸುರಿಯಾಗಿದ್ದಾಗ ಯೋಗೇಶ್ ಶಾರ್ಜಾಕ್ಕೆ ಹೋದ. ಮಗಳು ಸಂಗೀತಾಳಿಗೆ ಈಗ ನಾಲ್ಕು ವರ್ಷ. ಅಪ್ಪ ಎಂದರೆ ಫೋನು ಎಂದೇ ಆ ಮಗು ತಿಳಿದಿದೆ. ಬನ್ನಿ ಎಂದಾಗಲೆಲ್ಲ ಅವನದು ಒಂದೇ ಉತ್ತರ: "ರಜೆ ಕೊಡಲ್ಲ ಕಣೇ." ಉಮಾ ನಂಬಿದಳು. ಕಂಪನಿಯವರ ಮನೆ ಹಾಳಾಗಲಿ ಎಂದು ಶಪಿಸಿದಳು. ಮೊನ್ನೆ ಗೆಳೆಯನೊಬ್ಬನ ಕೈಯಲ್ಲಿ ಮಗಳಿಗೆ ಅಂಗಿ ಕಳಿಸಿದ್ದ. ಅದಕ್ಕೆ ಕೊಯಮತ್ತೂರಿನ ಅಂಗಡಿಯ ಚೀಟಿ ಇತ್ತು. ಪಾಪ, ಅಲ್ಲಿ ದುಬಾರಿ ಎಂದು ಗೆಳೆಯನಿಂದ ಇಲ್ಲೇ ಕೊಡಿಸಿದ್ದಾರೆ ಎಂದುಕೊಂಡು ಚೀಟಿ ಕತ್ತರಿಸಿ ಎಸೆದಳು.

ದೂರವೇನು ಮಹಾ? ಸರವಣ ಬೆರಳು ಮಡಿಸಿ ಲೆಕ್ಕ ಹೇಳಿದ. ಶಾರ್ಜಾದಿಂದ ಕೊಯಮತ್ತೂರಿಗೆ ಎರಡು ಸಾವಿರದ ಏಳುನೂರು ಕಿಲೋಮೀಟರ್, ವಿಮಾನದಲ್ಲಿ ನಾಲ್ಕು ಗಂಟೆ. ಅಲ್ಲಿಂದ ಬೆಟ್ಟ ಹತ್ತಿ ಉಮಾಳ ಊರು ಕೂಕಲ್ತೊರೈಗೆ ಮೂರು ಗಂಟೆ. ಚೆನ್ನೈಯಿಂದ ಬರುವವರಿಗೇ ಒಂದು ರಾತ್ರಿ ಬೇಕು!

"ಇವತ್ತು ಹೇಳಿದ್ರೆ ನಾಳೆ ಮಧ್ಯಾಹ್ನ ಊಟಕ್ಕೆ ಮನೇಲಿರ್ತಾರೆ."

ಉಮಾ ಬೆಳಿಗ್ಗೆಯೇ ಅವರೆಕಾಳು ನೆನೆಹಾಕಿ ಬಂದಿದ್ದಳು. ಬಂದವನು ಬೈದರೆ ಬೈಯಲಿ. ಬದುಕಿರುವ ಹೆಂಡತಿಯನ್ನು ಕಂಡವನು ಎಷ್ಟು ಹೊತ್ತು ತಾನೇ ಬೈದಾನು?

ಕಂಪನಿಗೆ ಮಾತ್ರ ಫೋನ್ ಮಾಡಬೇಡ, ಕೆಲಸ ಹೋಗುತ್ತೆ ಎಂದು ಯೋಗೇಶ್ ಹೆದರಿಸಿದ್ದ. ಆದರೆ ಅವನ ಮೊದಲ ಕಾಗದದ ಲಕೋಟೆಯ ಮೇಲೆ ನಂಬರು ಇತ್ತು. ಸರವಣ ಅದನ್ನು ಒತ್ತಿ ರಿಸೀವರ್ ಅವಳ ಕೈಗಿತ್ತ. ಆ ಕಡೆ ಸೂಪರ್‌ವೈಸರ್, ನಮ್ಮ ಕಡೆಯವನೇ.

"ಯೋಗೇಶ್ ತಂಗಿ ಸಾರ್, ಊರಿಂದ. ಅತ್ತಿಗೆ... ಉಮಾ... ಬೆಳಿಗ್ಗೆ ತೀರ್ಕೊಂಡ್ರು. ಅಣ್ಣನ್ನ ಕಳಿಸ್ಕೊಡಿ ಸಾರ್."

ಅಳು ತಾನಾಗಿಯೇ ಬಂತು. ಐದು ವರ್ಷದ್ದು, ನಟಿಸಬೇಕಾಗಲಿಲ್ಲ. ಸರವಣ ಭೇಷ್ ಎಂಬಂತೆ ತಲೆಯಾಡಿಸಿದ. ಆ ಕಡೆ ಹಾಳೆ ಮಗುಚುವ ಸದ್ದು ಕೇಳಿಸಿತು.

"ಯಾರಮ್ಮಾ ನೀನು? ಉಮಾ ಸತ್ರು ಅಂತ ಎರಡು ವರ್ಷದ ಹಿಂದೆಯೇ ರಜೆ ಕೊಟ್ಟಿದ್ವಲ್ಲ. ಯೋಗೇಶ್ ಈಗ ಕೊಯಮತ್ತೂರಲ್ಲಿದಾನೆ, ಎರಡನೇ ಹೆಂಡ್ತಿ ಸೀಮಂತಕ್ಕೆ ಅಂತ ಹೋಗಿ ವಾರ ಆಯ್ತು."