ಸಮಾಧಿಯ ಕಲ್ಲುಹೂವು

ಅಣ್ಣಾರಾಯ ಮಾಸ್ತರರು ಸಮಾಧಿಯ ಕಲ್ಲಿಗೆ ಉಳಿ ಹಚ್ಚಿ ಸುತ್ತಿಗೆ ಎತ್ತಿದ್ದೇ ತಡ, ಭಾಗವ್ವ ತುಂಬಿದ ತಂಬಿಗೆ ಹಿಡಿದು ಓಡಿಬಂದಳು. “ಬಡೀಬ್ಯಾಡ್ರಿ ಮಾಸ್ತರ! ಒಳಗ ನನ್ನ ಮಗ ಸೋಮನಿಂಗಪ್ಪ ಲಿಂಗ ಹಿಡಕೊಂಡು ಕುಂತಾನ. ಏಟಿಗೆ ಬೆಚ್ಚತಾನ.”

ಮಾಸ್ತರರು ಸುತ್ತಿಗೆ ಇಳಿಸಿದರು. ವಿಶ್ವವಿದ್ಯಾಲಯದ ಸಸ್ಯಸಂಗ್ರಹಕ್ಕಾಗಿ ಅವರು ವಳಸಂಗದ ಕಲ್ಲುಗಳನ್ನೆಲ್ಲ ನೋಡಿ ಬಂದಿದ್ದರು. ಕಲ್ಲಿಗೆ ಹಾವಸೆಯಂತೆ ಅಂಟಿ ಬೆಳೆಯುವ ಕಲ್ಲುಹೂವು ಇಷ್ಟು ದಟ್ಟವಾಗಿ ಹಬ್ಬಿದ್ದು ಇಲ್ಲಿ ಮಾತ್ರ. “ಈ ಒಣ ನೆಲದಾಗ ಇದು ಹ್ಯಾಂಗ ಬದುಕೇತಿ, ಯವ್ವಾ?”

“ಆರು ವರ್ಷಾತು, ದಿನಾ ಮುಂಜಾನೆ ನೀರು ಹಾಕತೀನಿ. ಒಣಗಿದ್ದು ಬಡದ್ರ ಪುಡಿ ಆಗತೈತಿ. ಇಷ್ಟು ಸಾಲಿ ಕಲತವರಿಗೆ ಅದೂ ತಿಳೀಲಿಲ್ಲೇನು?” ಆಕೆ ನೀರು ಸುರಿದು, ಮೆತ್ತಗಾಗುವ ತನಕ ಕಾದು, ರೂಪಾಯಿಯಗಲದ ಒಂದು ತುಣುಕನ್ನು ಉಗುರಿನಿಂದ ಹರಿಯದಂತೆ ಎಬ್ಬಿಸಿ ಕೊಟ್ಟಳು.

ಮಾಸ್ತರರು ಕಾಗದದ ಪೊಟ್ಟಣದ ಮೇಲೆ ಊರಿನ ಹೆಸರನ್ನೂ ೧೯೫೩ ಎಂಬ ಇಸವಿಯನ್ನೂ ಬರೆದರು. “ಕೊಟ್ಟವರ ಹೆಸರೂ ಬರೀತೀನಿ. ನೂರು ವರ್ಷ ಜತನ ಇರತೈತಿ. ನಿಮ್ಮ ಹೆಸರು ಹೇಳ್ರಿ.”

“ನಂದ್ಯಾಕ್ರಿ? ನಾ ಬರೇ ನೀರು ಹಾಕಿದಾಕಿ. ಬೆಳಿಸಿದಾಂವ ಅವ.”

ಮಾಸ್ತರರು ಚಪ್ಪಲಿ ಕಳಚಿ ದೂರವಿಟ್ಟರು. ಆಮೇಲೆ ಸಮಾಧಿಯ ಎದುರು ಕುಳಿತು, ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಸೋಮನಿಂಗಪ್ಪನ ಹೆಸರು ಬರೆದರು.